ಮರುಭೂಮಿಯ ಎಕ್ಕದ ಹೂ

ರಥಸಪ್ತಮಿಯಂದು ಎಕ್ಕದೆಲೆಗಳನ್ನು ತಲೆ, ಭುಜಗಳ ಮೇಲಿಟ್ಟು ಮೀಯುವ ನಮಗೆ ಥಾರ್ ಮರುಭೂಮಿಯ ‘ಆಕ್’ ಪರಕೀಯವಲ್ಲ. ನಮ್ಮೂರ ಎಕ್ಕದ ಒಡಹುಟ್ಟೇ ಅದು. ಬಿಳಿಯ ಎಸಳುಗಳ ತುದಿಗೆ ಮಾತ್ರ ನೇರಿಳೆಯ ಬಣ್ಣ. ಜೋಧಪುರ, ಬಿಕಾನೇರಗಳ ಮರಳಿನಲ್ಲಿ ಬಿರುಬೇಸಿಗೆಯಲ್ಲಿಯೂ ಅದು ಹಸುರಾಗಿಯೇ ನಿಲ್ಲುತ್ತದೆ.

ಸುಶ್ರುತಸಂಹಿತೆಯಲ್ಲಿ ಇದರ ಹೆಸರಿನದೇ ‘ಅರ್ಕಾದಿ ಗಣ’ವಿದೆ. ಊದಿದ ಮೊಣಕಾಲಿಗೆ ಎಣ್ಣೆ ಸವರಿ, ಬಿಸಿಮಾಡಿದ ಎಕ್ಕದೆಲೆಯನ್ನು ಕಟ್ಟುವ ರೂಢಿ ಅಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ದಿನವಿಡೀ ನಿಂತು ದುಡಿಯುವವರಿಗೆ ಆ ಕಾವು ಹಿತವೆನಿಸೀತು. ಆದರೆ ಎಲೆ ಕೀಳುವಾಗ ಜಿನುಗುವ ಹಾಲಿನ ವಿಷಯದಲ್ಲಿ ನಾವು ಎಚ್ಚರಿಕೆ ಹೇಳಲೇಬೇಕು. ಅದು ಕಣ್ಣಿಗೆ ತಾಗಿದರೆ ಮೊದಲು ನೋವೇ ತಿಳಿಯದಿರಬಹುದು. ಬಳಿಕ ದೃಷ್ಟಿ ಮಂಜಾಗುತ್ತದೆ. ಕೂಡಲೇ ಧಾರಾಳವಾಗಿ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗತಕ್ಕದ್ದು. ಹೊಟ್ಟೆಗಂತೂ ಬೇಡವೇ ಬೇಡ: ಹೃದಯದ ಬಡಿತವನ್ನೇ ಕೆಡಿಸುವ ವಿಷ ಅದರಲ್ಲಿದೆ.