ದೆವ್ವ ಬಿಟ್ಟದ್ದು ಮಂತ್ರಾಲಯದಲ್ಲಿ!

ನಿಮಗಿದು ಗೊತ್ತೆ? 1970ರ ದಶಕದಲ್ಲಿ ಬ್ರಿಟನ್ನಿನ ಕಡಿಮೆ ಬಂಡವಾಳದ ನಿರ್ಮಾಪಕರು ಮಾಟ, ಸೈತಾನಪೂಜೆಗಳಿಗೆ ಧಾರಾಳವಾಗಿ ನಗ್ನತೆ ಬೆರೆಸಿ ಸಿನಿಮಾ ಮಾಡುತ್ತಿದ್ದರು. ನಾರ್ಮನ್ ಜೆ. ವಾರೆನ್ ನಿರ್ದೇಶಿಸಿದ ‘ಸೇಟನ್ಸ್ ಸ್ಲೇವ್’ (1976) ಅಂಥದ್ದೇ.

ಅದೇ ಕಾಲದ ಕನ್ನಡ ದೆವ್ವದ ದಾರಿಯೇ ಬೇರೆ! ವಿಜಯ್ ನಿರ್ದೇಶನದ ‘ನಾ ನಿನ್ನ ಬಿಡಲಾರೆ’ (1979) ಚಿತ್ರದಲ್ಲಿ ಅನಂತನಾಗ್ ಪಾತ್ರದ ಬೆನ್ನುಬಿದ್ದ ಕಾಮಿನಿಯ ಪ್ರೇತದ ಆಟ ಮುಗಿಯುವುದು ರಾಯರ ಮಂತ್ರಾಲಯದಲ್ಲಿ. ಬೆಚ್ಚಿಬೀಳಿಸಿದ್ದು ಮಾತ್ರ ನಾಯಕಿ ಲಕ್ಷ್ಮಿಯವರ ಅಭಿನಯ. ಬಟ್ಟೆ ಬಿಚ್ಚುವ ಪ್ರಮೇಯವೇ ಬರಲಿಲ್ಲ. 1981ರಲ್ಲಿ ಇದೇ ಕಥೆ ಹಿಂದಿಯಲ್ಲಿ ‘ಮಂಗಲಸೂತ್ರ’ವಾಯಿತು. ನಾಯಕಿ ರೇಖಾ, ನಾಯಕ ಮತ್ತೆ ಅನಂತನಾಗ್.