ಸೆಕೆಂಡಿಗೆ 1.67 ಎಂ ಬಸ್ಸು

ಕಡಕೊಳದ ಸ್ಟಾಪಿನಲ್ಲಿ ನಿಂತವರನ್ನು ನಂಜನಗೂಡಿಗೆ ಬಸ್ಸು ಹೇಗೆ ಎಂದು ಕೇಳುತ್ತೀರಿ. ‘ಹತ್ತು ನಿಮಿಷಕ್ಕೊಂದು ಬತ್ತದೆ’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಅದನ್ನೇ ಸರ್ವರ್ ಮೇಲೆ ಕಣ್ಣಿಡುವ ಮುನಿನ್ ತಂತ್ರಾಂಶ ಎಣಿಸಿದರೆ ಗ್ರಾಫಿನಲ್ಲಿ ‘1.67 ಎಂ’ ಎಂದು ಬರೆದೀತು. ಲೆಕ್ಕ ತಪ್ಪಿಲ್ಲ. 600 ಸೆಕೆಂಡಿಗೆ ಒಂದು ಬಸ್ಸೆಂದರೆ ಸೆಕೆಂಡಿಗೆ 0.00167 ಬಸ್ಸು. ಆದರೆ ಯಾರಿಗೆ ಬೇಕು ಈ ಉತ್ತರ?

ಮುನಿನ್ ಗ್ರಾಫ್ ಬಿಡಿಸುವುದು ಟೋಬಿ ಓಟಿಕರ್ 1999ರಲ್ಲಿ ಹೊರತಂದ ಆರ್‌ಆರ್‌ಡಿಟೂಲ್‌ನಿಂದ. ಏರುತ್ತಲೇ ಹೋಗುವ ಎಣಿಕೆ ಯಾವುದೇ ಇರಲಿ, ಅದನ್ನು ಈ ಆರ್‌ಆರ್‌ಡಿಟೂಲ್ ಸೆಕೆಂಡಿನ ದರಕ್ಕೆ ಇಳಿಸುತ್ತದೆ. ಅಂಕಿ ತೀರಾ ಸಣ್ಣದಾದರೆ ಪಕ್ಕಕ್ಕೊಂದು ಚಿಕ್ಕ ಎಂ ಹಚ್ಚುತ್ತದೆ. ಚಿಕ್ಕ ಎಂ ಅಂದರೆ ಮಿಲಿ, ಸಾವಿರದಲ್ಲೊಂದು ಪಾಲು. ದೊಡ್ಡ ಎಂ ಆದರೆ ಮೆಗಾ, ಹತ್ತು ಲಕ್ಷ. ರಾತ್ರಿಪಾಳಿಯಲ್ಲಿ ನಿದ್ದೆಗಣ್ಣಿಂದ ನೋಡಿದವನು ಒಂದನ್ನು ಇನ್ನೊಂದೆಂದು ಓದಿದರೆ ನೂರು ಕೋಟಿ ಪಟ್ಟು ತಪ್ಪು!

ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲಾರಿ ತೂಕದ ಚೀಟಿಗಳು ಸರ್ವರ್‌ಗೆ ಸೇರುತ್ತವೆ ಎನ್ನೋಣ. ಗಂಟೆಗೆ 12 ಲಾರಿ. ಗ್ರಾಫಿನಲ್ಲಿ 3.33 ಎಂ. ಮುನಿನ್‌ನಲ್ಲಿ ‘ಗ್ರಾಫ್ ಪೀರಿಯಡ್’ ಎಂಬಲ್ಲಿ ಗಂಟೆ ಎಂದು ಕೊಟ್ಟರೆ 12 ಎಂದೇ ಕಾಣುತ್ತದೆ. ಮುನಿನ್ ಬದಲು ಅಂಥದೇ ಕೆಲಸದ ಪ್ರೊಮೀಥಿಯಸ್ ಬಳಸುವವರು ದರವನ್ನು 3600ರಿಂದ ಗುಣಿಸಿದರಾಯಿತು. ಪಕ್ಕದಲ್ಲಿ ‘ಗಂಟೆಗೆ ಲಾರಿ’ ಎಂದು ಬರೆಯಲು ಮರೆಯಬೇಡಿ. ಗುಣಿಸಿ ಹೆಸರು ಬದಲಿಸದ ಗ್ರಾಫ್ ಮೊದಲಿನದಕ್ಕಿಂತ ಕೆಟ್ಟದ್ದು.

ಜಗಳ ಹೆಚ್ಚು ಹುಟ್ಟುವುದು ಇಂಟರ್ನೆಟ್ ಲೈನಿನ ಗ್ರಾಫಿನಲ್ಲಿ. ದುಡ್ಡು ಕೊಟ್ಟದ್ದು 100 ಎಂಬಿಪಿಎಸ್‌ಗೆ, ಗ್ರಾಫ್ 12.5 ದಾಟುವುದೇ ಇಲ್ಲ. ಮೋಸವಲ್ಲ. ಲೈನ್ ಮಾರುವುದು ಬಿಟ್‌ನಲ್ಲಿ, ಗ್ರಾಫ್ ತೋರಿಸಿದ್ದು ಬೈಟ್‌ನಲ್ಲಿ. 8 ಬಿಟ್‌ಗೆ ಒಂದು ಬೈಟ್. ಬಿಲ್ಲಿನಲ್ಲಿರುವ ಅಳತೆಯನ್ನೇ ಗ್ರಾಫಿಗೂ ಇಡುವುದು ವಾಸಿ. ಡಿಸ್ಕಿನದು ಇನ್ನೊಂದು ರಗಳೆ: ಪೆಟ್ಟಿಗೆಯ ಮೇಲೆ 1000 ಜಿಬಿ, 1024ರ ಲೆಕ್ಕದ ಪರದೆಯಲ್ಲಿ 931. ರ‍್ಯಾಮ್‌ಗೆ ಮಾತ್ರ 1024ರ ಲೆಕ್ಕವೇ ಸಹಜ; 17179869184 ಬೈಟ್ ಎಂಬ ಸಾಲು ಆಗ 16 ಎಂದು ಚೊಕ್ಕವಾಗಿ ಕೂರುತ್ತದೆ.

ಶೇಕಡಾವಾರಿನಲ್ಲೂ ಒಂದು ಗುಂಡಿಯಿದೆ. ಪ್ರೊಮೀಥಿಯಸ್‌ನ ರೂಢಿ ಅನುಪಾತವನ್ನು 0ಯಿಂದ 1ರೊಳಗೆ ಇಡುವುದು. ಆ ಅಂಕಿಗಳಿಂದ ಗ್ರಾಫ್ ಬಿಡಿಸುವ ಗ್ರಾಫಾನಾದಲ್ಲಿ 100ರವರೆಗಿನ ಶೇಕಡಾ ಆರಿಸಿದರೆ, ಮುಕ್ಕಾಲು ತುಂಬಿದ ಡಿಸ್ಕ್ ಶೇ. 0.75 ಎಂದು ತೋರಿ ಎಲ್ಲರನ್ನೂ ಹಾಯಾಗಿ ಮಲಗಿಸುತ್ತದೆ. ಅಲ್ಲಿ 1ರವರೆಗಿನದೂ ಬೇರೆಯಾಗಿ ಇದೆ, ಅದನ್ನೇ ಆರಿಸಬೇಕು.

ಓಡುತ್ತಿರುವ, ಸರದಿಗೆ ಕಾದಿರುವ ಕೆಲಸಗಳ ಸರಾಸರಿ ಎಣಿಕೆಯಾದ ಲೋಡ್ ಆವರೇಜ್‌ಗೆ ಅಳತೆಯ ಹೆಸರೇ ಇಲ್ಲ. ಸರ್ವರ್‌ಗೆ 4 ಕೋರ್ ಇದ್ದರೆ ಗ್ರಾಫಿನಲ್ಲಿ 4ರ ಮೇಲೊಂದು ಕೆಂಪು ಗೆರೆ ಎಳೆದುಬಿಡಿ.

ಇಷ್ಟೆಲ್ಲ ಬದಲಾವಣೆ ತೋರಿಸುವಾಗ ಮಾತ್ರ. ಒಳಗೆ ಕೂಡಿಡುವ ಅಂಕಿ ಬೈಟ್, ಸೆಕೆಂಡುಗಳಲ್ಲೇ ಇರಲಿ; ನಾಳೆ ಮ್ಯಾನೇಜರ್ ಎಂಟು ಗಂಟೆಯ ಪಾಳಿಯ ಲೆಕ್ಕ ಕೇಳಿದರೆ 3600ರ ಜಾಗದಲ್ಲಿ 28800 ಹಾಕಿದರೆ ಸಾಕು.