ಚಂದಾ ತೆತ್ತು ಓದುವ ಗ್ರಂಥಭಂಡಾರ

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಕಂಪ್ಯೂಟರ್ ಶಾಸ್ತ್ರದ ಗ್ರಂಥಗಳನ್ನು ಅರಸಿ ಹೋದವರಿಗೆ, ಮುಖಪುಟದ ಮೇಲೆ ಯಾವುದಾದರೊಂದು ಪ್ರಾಣಿಯ ರೇಖಾಚಿತ್ರವನ್ನು ಧರಿಸಿದ ಓರೈಲಿ ಪ್ರಕಾಶನದ ಪುಸ್ತಕಗಳು ಅಪರಿಚಿತವೇನಲ್ಲ. ಒಂದು ಕಾಲಕ್ಕೆ ಯಾವನೋ ವಿದ್ಯಾರ್ಥಿ ತಿಂಗಳ ಖರ್ಚನ್ನು ಬಿಗಿಹಿಡಿದು ಕೊಂಡಿದ್ದಿರಬಹುದಾದ ಅಂಥ ಗ್ರಂಥವು, ತಾನು ಬೋಧಿಸುವ ತಂತ್ರಾಂಶ ಹೊಸ ಆವೃತ್ತಿಯನ್ನು ತಳೆದ ಮಾತ್ರಕ್ಕೆ ಅಲ್ಲಿ ಧೂಳು ಹಿಡಿದು ಕುಳಿತಿರುವುದನ್ನು ಕಂಡಾಗಲೆಲ್ಲ ನನ್ನ ಮನಸ್ಸು ನೋಯುತ್ತದೆ. ಪೈಥಾನ್ ಭಾಷೆಯ ಎರಡನೆಯ ಆವೃತ್ತಿಯನ್ನು ಅದರ ಪೋಷಕರೇ 2020ರ ಜನವರಿ 1ರಿಂದ ಕೈಬಿಟ್ಟ ಮೇಲೆ, ಅದನ್ನು ಆಧರಿಸಿದ ಪುಸ್ತಕಗಳ ಗತಿಯೂ ಇದೇ ಆಯಿತು.

ಇಂಥ ಅಲ್ಪಾಯುಷಿ ಗ್ರಂಥಗಳನ್ನು ಕೊಳ್ಳದೆಯೇ ಅಂತರ್ಜಾಲದಲ್ಲಿ ಓದುವ ಏರ್ಪಾಟನ್ನು ಅದೇ ಓರೈಲಿ ಸಂಸ್ಥೆಯು ಪಿಯರ್ಸನ್ ಸಂಸ್ಥೆಯೊಡಗೂಡಿ 2001ರಲ್ಲಿ ‘ಸಫಾರಿ’ ಎಂಬ ಹೆಸರಿನಿಂದ ಆರಂಭಿಸಿತು. 2014ರಲ್ಲಿ ಅದರ ಪೂರ್ಣ ಸ್ವಾಮ್ಯವನ್ನು ಪಡೆದು, ಈಗ ತನ್ನ ಹೆಸರಿನಲ್ಲೇ ನಡೆಸುತ್ತಿದೆ. ಮೊದಮೊದಲು ಚಂದಾದಾರನಿಗೆ ದೊರೆಯುತ್ತಿದ್ದುದು ಕೆಲವೇ ಪುಸ್ತಕಗಳು ಹಿಡಿಯುವ ಒಂದು ಕಾಲ್ಪನಿಕ ಕಪಾಟು. ಅದರಲ್ಲಿಟ್ಟುದನ್ನು 30 ದಿನ ಕಳೆಯುವವರೆಗೆ ಬದಲಾಯಿಸುವಂತಿರಲಿಲ್ಲ. ಆ ನಿರ್ಬಂಧವು ಆಯ್ದ ಪುಸ್ತಕವನ್ನು ಓದಿಸುತ್ತಿತ್ತೆಂಬುದನ್ನೂ ನೆನೆಯಬೇಕು. ಇಂದು ಸಹಸ್ರಾರು ಗ್ರಂಥಗಳು ಏಕಕಾಲಕ್ಕೆ ತೆರೆದಿರುವಾಗ, ಹತ್ತರ ಮೊದಲ ಅಧ್ಯಾಯವನ್ನು ಓದಿ ಒಂದರ ಕೊನೆಯನ್ನೂ ಮುಟ್ಟದಿರುವ ಅಪಾಯ ನಿಜವಾದುದು.

ಆದರೂ ಆ ವಿಸ್ತಾರದಲ್ಲಿ, ಮನೆಯ ಕಪಾಟು ಎಂದೂ ಕೊಡಲಾರದ ಒಂದು ಲಾಭವುಂಟು. ಡೇಟಾಬೇಸಿನಲ್ಲಿ ಇಂಡೆಕ್ಸ್ ಎಂಬುದು ಹುಡುಕಾಟವನ್ನು ಹೇಗೆ ಶೀಘ್ರಗೊಳಿಸುತ್ತದೆ, ಹೊಸ ಮಾಹಿತಿಯ ಸೇರ್ಪಡೆಯನ್ನು ಏಕೆ ನಿಧಾನಗೊಳಿಸುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಹೊರಟರೆ, ಒಬ್ಬ ಲೇಖಕ ಚಿತ್ರದ ಮೂಲಕ, ಮತ್ತೊಬ್ಬ ಗಣಿತದ ಮೂಲಕ, ಇನ್ನೊಬ್ಬ ತಾನು ಕಂಡ ವೈಫಲ್ಯದ ಮೂಲಕ ಕೊಟ್ಟ ಉತ್ತರಗಳೆಲ್ಲ ಅಕ್ಕಪಕ್ಕದಲ್ಲೇ ಬಂದು ನಿಲ್ಲುತ್ತವೆ. ಒಬ್ಬನಿಂದ ತಿಳಿಯದೆ ಉಳಿದುದು ಮತ್ತೊಬ್ಬನಿಂದ ತಿಳಿಯುತ್ತದೆ. ಹೊಸ ಉದ್ಯೋಗಕ್ಕೆ ಸೇರಿ, ಕಾಣದ ವಿದ್ಯೆಯೊಂದನ್ನು ತ್ವರೆಯಾಗಿ ಕಲಿಯಬೇಕಾದ ತರುಣ ತರುಣಿಯರಿಗೆ ಈ ಸೌಲಭ್ಯ ಅಮೂಲ್ಯವಾದುದೆಂದು ನಾನು ನಿಸ್ಸಂಕೋಚವಾಗಿ ಹೇಳಬಲ್ಲೆ.

ಶುಲ್ಕವಾದರೋ ಅಲ್ಪವಲ್ಲ. ಬಿಡಿ ಚಂದಾದಾರನಿಗೆ ಈಚಿನ ವರ್ಷಗಳಲ್ಲಿ ತಿಂಗಳಿಗೆ 49 ಡಾಲರ್, ವರ್ಷಕ್ಕೆ 499 ಡಾಲರ್ ಎಂದು ಗೊತ್ತುಮಾಡಿದ್ದಾರೆ. ರೂಪಾಯಿಯಲ್ಲಿ ವರ್ಷದ ಮೊತ್ತ ನಲವತ್ತು ಸಾವಿರವನ್ನು ಮೀರುತ್ತದೆ. ಉದ್ಯೋಗ ಕೊಟ್ಟ ಕಂಪನಿಯೇ ಇದನ್ನು ಭರಿಸುವುದಾದರೆ ವಿಚಾರವೇ ಬೇಡ. ಸ್ವಂತ ಸಂಬಳದಿಂದ ಕೊಡುವವನು, ಕಲಿಯಬೇಕಾದುದನ್ನು ಮೊದಲೇ ನಿಶ್ಚಯಿಸಿಕೊಂಡು, ಬಿಡುವಿರುವ ಎರಡು ತಿಂಗಳಿಗೆ ಮಾತ್ರ ಚಂದಾದಾರನಾಗಿ ಬಿಟ್ಟುಬಿಡುವುದು ಲೇಸು.

ಎಲ್ಲ ಗ್ರಂಥಗಳೂ ಅಲ್ಪಾಯುಷಿಗಳಲ್ಲವೆಂಬುದನ್ನೂ ಮರೆಯಲಾಗದು. ಕರ್ನಿಹ್ಯಾನ್ ಮತ್ತು ರಿಚಿ ಇವರು ಸಿ ಭಾಷೆಯನ್ನು ಕುರಿತು 1978ರಲ್ಲಿ ಬರೆದು 1988ರಲ್ಲಿ ಪರಿಷ್ಕರಿಸಿದ ಪುಸ್ತಕವನ್ನು ಇಂದಿಗೂ ಓದುತ್ತಾರೆ. ಡೊನಾಲ್ಡ್ ಕ್ನೂತ್ ಅವರ ಪ್ರೋಗ್ರಾಮಿಂಗ್ ಕುರಿತ ಮಹಾಗ್ರಂಥದ ಪ್ರಥಮ ಸಂಪುಟ ಹೊರಬಂದದ್ದು 1968ರಲ್ಲಿ. ಪೆನ್ಸಿಲ್ ಹಿಡಿದು, ಅಭ್ಯಾಸದ ಲೆಕ್ಕಗಳನ್ನು ಅಂಚಿನಲ್ಲೇ ಬಿಡಿಸುತ್ತ, ವರ್ಷಗಟ್ಟಲೆ ಒಡನಾಡಬೇಕಾದ ಇಂಥವುಗಳನ್ನು ಚಂದಾದ ಅವಧಿಗೆ ಕಟ್ಟಿಹಾಕುವುದು ನನಗೆ ಒಪ್ಪಿಗೆಯಿಲ್ಲ, ಇವು ಮನೆಯಲ್ಲಿರತಕ್ಕವು. ಚಂದಾ ನಿಂತ ದಿನವೇ ಅಂತರ್ಜಾಲದ ಆ ಬಾಗಿಲು ಮುಚ್ಚುವುದರಿಂದ, ಅಲ್ಲಿ ಓದುವಾಗ ಗುರುತುಮಾಡಿದ ಸಾಲುಗಳನ್ನೂ ಬರೆದ ಟಿಪ್ಪಣಿಗಳನ್ನೂ ಹಿಂದಿನ ವಾರವೇ ತಮ್ಮ ನೋಟ್‌ಪುಸ್ತಕಕ್ಕೆ ಇಳಿಸಿಕೊಂಡಿರಬೇಕು.